ಗುಂಡು ಯಾಕೆ ಗುಂಡಗಿಲ್ಲ? ರಿವಾಲ್ವರಿನ ಎರಕದ ಗುಂಡಿನ ಆಕಾರ: ಒಂದು ಓದು

ಜನವರಿ 26ಕ್ಕೆ ನಮ್ಮ ಕನ್ನಡ ಬಳಗದವರು ನಂದಗಡಕ್ಕೆ ಹೋಗಿದ್ದೆವು. 1831ರಲ್ಲಿ ಅದೇ ದಿನ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿದರು. ಸಮಾಧಿಗೆ ಕೈಮುಗಿದು, ಆಲದ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಾಗ ಮಾತು ಆ ಕಾಲದ ಕಾಳಗದ ಕಡೆ ಹೊರಳಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಗುಂಡಿನಿಂದ. ಹೊಡೆದವನು ಅಮಟೂರ ಬಾಳಪ್ಪ ಅಂತ ನಮ್ಮ ನಾಡು ನೆನೆಯುತ್ತದೆ. ಆಗ ನಮ್ಮಲ್ಲೊಬ್ಬಳು ಕೇಳಿದಳು: "ಅಲ್ಲಾ, ಆವತ್ತಿನ ಗುಂಡು ಖರೇನ ಗುಂಡಗಿತ್ತು, ಗೋಲಿ ಹಂಗ. ಇವತ್ತಿನ ಗುಂಡು ಉದ್ದಕ ಐತಿ. ಹೆಸರು ಮಾತ್ರ ಗುಂಡು ಅಂತನ ಉಳೀತಲ್ಲ, ಯಾಕ?"

ಖಾನಾಪುರದಿಂದ ಬೆಳಗಾವಿಗೆ ವಾಪಸು ಬರೋ ಬಸ್ಸಿನಲ್ಲಿ ಪೂರ್ತಿ ಇದೇ ಚರ್ಚೆ. ಆ ಸೆಮಿಸ್ಟರಿನಲ್ಲೇ ಡಿಸೈನ್ ವಿಷಯಕ್ಕೆ "ಒಂದು ವಸ್ತುವಿನ ಆಕಾರವನ್ನು ಕಾರಣ ಕೊಟ್ಟು ಆರಿಸಿ" ಅನ್ನೋ ಅಸೈನ್‌ಮೆಂಟೂ ಇತ್ತು. ಸರಿ, ಇದನ್ನೇ ತೊಗೊಳ್ಳೋಣ ಅಂತ ನಾಲ್ಕು ಜನ ಸೇರಿ ಕೂತೆವು. ಪ್ರಶ್ನೆ ಇಷ್ಟೇ: .38 ಅಳತೆಯ ರಿವಾಲ್ವರಿಗೆ, 25 ಮೀಟರ್ ದೂರದ ಕಾಗದದ ಗುರಿಗೆ, ಸೀಸದ ಎರಕದ ಗುಂಡಿನ ಮೂತಿ ಹೇಗಿರಬೇಕು?

ಮೊದಲೇ ಒಂದು ಮಾತು. ಇದು ಕಾಗದದ ಮೇಲಿನ ಅಭ್ಯಾಸ, ಅಷ್ಟೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಸೇರುತ್ತವೆ. ಲೈಸೆನ್ಸ್ ಇಲ್ಲದೆ ಮಾಡೋದು ಅಪರಾಧ. ಲ್ಯಾಬಿನಲ್ಲಿ ಕುಲುಮೆ ಇದೆ ಅಂತ ಯಾರೂ ಕೈ ಹಾಕಬೇಡಿ. ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು.

ನಾವು ಮಾಡಿದ ಮೊದಲ ತಪ್ಪು

ನಾವು ಮೊದಲ ದಿನವೇ ಸಾಲಿಡ್ ಮಾಡೆಲಿಂಗ್‌ನಲ್ಲಿ ಸೂಜಿಯಂಥ ಚೂಪು ಮೂತಿ ಬರೆದೆವು. ಗಾಳಿಯನ್ನು ಸೀಳಿಕೊಂಡು ಹೋಗಬೇಕಲ್ಲ, ಚೂಪಿದ್ದಷ್ಟೂ ಒಳ್ಳೇದು ಅಂತ ನಮ್ಮ ವಾದ. ಸರ್ ಚಿತ್ರ ನೋಡಿ ಕೇಳಿದ್ದು ಎರಡೇ ಪ್ರಶ್ನೆ: "ಎಷ್ಟು ವೇಗದಾಗ ಹೊಂಟೈತಿ? ಎಷ್ಟು ದೂರ ಹೋಗಬೇಕು?" ಎರಡಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದಲ್ಲಿ ನೋಡಿದ ಗುಂಡಿನ ಚಿತ್ರವನ್ನೇ ಬರೆದಿದ್ದೆವು, ಕಾರಣ ಹುಡುಕಿರಲಿಲ್ಲ.

ಉತ್ತರ ಹುಡುಕಿದಾಗ ಗೊತ್ತಾದದ್ದು ಇದು. .38 ಸ್ಪೆಷಲ್‌ನಂಥ ಸಾಧಾರಣ ರಿವಾಲ್ವರ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ಶಬ್ದದ ವೇಗ ಸುಮಾರು 340. ಅಂದರೆ ಗುಂಡು ಶಬ್ದಕ್ಕಿಂತ ಹಿಂದೆಯೇ ಇದೆ. ಚೂಪು ಮೂತಿಯ ದೊಡ್ಡ ಲಾಭ ಬರೋದು ಶಬ್ದದ ವೇಗ ದಾಟಿದಾಗ, ಆಘಾತ ತರಂಗದ ಎಳೆತ ಶುರುವಾದಾಗ. ಅದು ರೈಫಲ್ಲಿನ ಸಮಸ್ಯೆ, ನೂರಾರು ಮೀಟರ್ ದೂರದ ಸಮಸ್ಯೆ. 25 ಮೀಟರಿಗೆ ನಮ್ಮ ಗುಂಡು ಗಾಳಿಯಲ್ಲಿ ಇರೋದೇ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಮೂತಿಯ ಚೂಪಿನಿಂದ ಸಿಗೋ ಲಾಭ ಅಷ್ಟಕ್ಕಷ್ಟೇ.

ನಷ್ಟ ಮಾತ್ರ ಇದೆ. ತೂಕ ಅಷ್ಟೇ ಇಟ್ಟು ಮೂತಿ ಚೂಪು ಮಾಡಿದರೆ, ನಳಿಗೆಯನ್ನು ಹಿಡಿದುಕೊಂಡು ಹೋಗುವ ಸಿಲಿಂಡರ್ ಆಕಾರದ ಭಾಗ ಗಿಡ್ಡ ಆಗ್ತದೆ. ಅದು ಗಿಡ್ಡ ಆದರೆ ಗುಂಡು ನಳಿಗೆಯಲ್ಲಿ ಓರೆಯಾಗೋ ಸಾಧ್ಯತೆ ಹೆಚ್ಚು. ಚೂಪು ಮೂತಿ ಅಲ್ಲಿಗೆ ಕೈಬಿಟ್ಟೆವು.

ಗೋಲಿಯಿಂದ ಉದ್ದ ಗುಂಡಿಗೆ

ಈಗ ನಂದಗಡದ ಪ್ರಶ್ನೆಗೆ ಬರೋಣ. ಕಿತ್ತೂರಿನ ಕಾಲದಲ್ಲಿ ಕಂಪನಿ ಸೈನ್ಯದ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಜಾತಿಯ ಬಂದೂಕು. ನಳಿಗೆಯ ಒಳಗೆ ಸುರುಳಿ ಗೆರೆ ಇಲ್ಲ, ನುಣುಪು. ಒಳ ವ್ಯಾಸ 0.75 ಇಂಚು, ಅಂದರೆ ಸುಮಾರು 19 ಮಿ.ಮೀ. ಒಳಗೆ ಹಾಕುತ್ತಿದ್ದ ಸೀಸದ ಗೋಲಿ ಸುಮಾರು 17.5 ಮಿ.ಮೀ. ಒಂದೂವರೆ ಮಿ.ಮೀ. ಸಡಿಲ ಬೇಕಂತಲೇ ಬಿಡುತ್ತಿದ್ದರು. ನಾಲ್ಕು ಸಲ ಹೊಡೆದ ಮೇಲೆ ಮದ್ದಿನ ಮಸಿ ಕಟ್ಟಿ ನಳಿಗೆ ಕಿರಿದಾಗ್ತದೆ. ಆಗಲೂ ಬಾಯಿಂದ ಗೋಲಿ ಹಾಕಿ ಗಜದಿಂದ ತಳ್ಳಲು ಬರಬೇಕು.

ಇಂಥ ನಳಿಗೆಗೆ ಗೋಲವೇ ಸರಿಯಾದ ಆಕಾರ. ಯಾಕೆ? ಗೋಲಕ್ಕೆ ಹಿಂದುಮುಂದು ಇಲ್ಲ. ಗಾಳಿಯಲ್ಲಿ ಹೇಗೆ ಉರುಳಿದರೂ ಎದುರಿಗೆ ಅದೇ ವೃತ್ತ. ಗೆರೆ ಇಲ್ಲದ ನಳಿಗೆಯಿಂದ ಉದ್ದ ಗುಂಡು ಹೊಡೆದರೆ ಅದು ಲಾಗ ಹಾಕುತ್ತ ಹೋಗ್ತದೆ. ಎರಕ ಹೊಯ್ಯೋದೂ ಸುಲಭ: ಇಕ್ಕಳದಂಥ ಎರಡು ಹೋಳಿನ ಅಚ್ಚು, ಸೀಸ ಕರಗೋದು 327 ಡಿಗ್ರಿಗೇ.

ಆದರೆ ಸಡಿಲ ಗೋಲಿ ನಳಿಗೆಯ ಗೋಡೆಗೆ ಅಲ್ಲಿ ಇಲ್ಲಿ ತಾಗಿ, ಕೊನೆಗೆ ಯಾವ ಬದಿಗೆ ತಾಗಿತೋ ಅದರಂತೆ ಸುತ್ತಿಕೊಂಡು ಹೊರಬೀಳ್ತದೆ. ಹೀಗೆ ಸುತ್ತುವ ಗೋಲಿ ಪಕ್ಕಕ್ಕೆ ಬಾಗ್ತದೆ ಅಂತ ಬೆಂಜಮಿನ್ ರಾಬಿನ್ಸ್ 1742ರಲ್ಲೇ ತೋರಿಸಿದ್ದ. ಕ್ರಿಕೆಟ್ಟಿನಲ್ಲಿ ಸ್ಪಿನ್ ಬಾಲ್ ಗಾಳಿಯಲ್ಲಿ ತೇಲಿ ಬದಿಗೆ ಸರಿಯೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಮೊದಲ ವರ್ಷ ಲೆಕ್ಕ ಮಾಡೋ ಬ್ಯಾಲಿಸ್ಟಿಕ್ ಪೆಂಡುಲಮ್ ಕೂಡ ಇದೇ ರಾಬಿನ್ಸನದು.

ಪರಿಹಾರ: ಸುತ್ತೋದನ್ನು ತಪ್ಪಿಸಲು ಆಗದಿದ್ದರೆ, ಬೇಕಾದ ದಿಕ್ಕಿಗೆ ನಾವೇ ಸುತ್ತಿಸೋದು. ನಳಿಗೆಯೊಳಗೆ ಸುರುಳಿ ಗೆರೆ ಕೊರೆದರೆ ಗುಂಡು ಬುಗುರಿಯಂತೆ ತನ್ನ ಅಕ್ಷದ ಸುತ್ತ ತಿರುಗುತ್ತ ಮೂತಿ ಮುಂದಾಗಿ ಹೋಗ್ತದೆ. ಆಗ ಉದ್ದ ಗುಂಡಿಗೆ ದಾರಿ ಸಿಕ್ಕಿತು. 1849ರ ಹೊತ್ತಿಗೆ ಫ್ರಾನ್ಸಿನ ಮಿನಿಯೆ ಗುಂಡು, ಆಮೇಲೆ 1853ರ ಎನ್‌ಫೀಲ್ಡ್ ರೈಫಲ್. ಆ ಎನ್‌ಫೀಲ್ಡಿನ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನಿಂದ 1857ರಲ್ಲಿ ಏನಾಯ್ತು ಅಂತ ಎಲ್ಲರೂ ಓದಿದ್ದೇವೆ. ಬಿಗಿಯಾದ ಸೀಸದ ಗುಂಡಿಗೆ ಜಿಡ್ಡು ಬೇಕೇ ಬೇಕು, ಇಲ್ಲದಿದ್ದರೆ ಸೀಸ ಗೆರೆಗಳಲ್ಲಿ ಮೆತ್ತಿಕೊಳ್ಳುತ್ತದೆ.

ಉದ್ದ ಆದರೆ ಲಾಭ ಎಷ್ಟು? ಲೆಕ್ಕ ಮಾಡಿ ನೋಡಿ. ನಮ್ಮ ರಿವಾಲ್ವರ್ ಗುಂಡಿನ ವ್ಯಾಸ ಸುಮಾರು 9.1 ಮಿ.ಮೀ. ಅದೇ ವ್ಯಾಸದ ಸೀಸದ ಗೋಲಿ (ಸಾಂದ್ರತೆ 11.34) ಸುಮಾರು 4.5 ಗ್ರಾಂ ತೂಗ್ತದೆ. .38 ಸ್ಪೆಷಲ್‌ನ ರೂಢಿಯ ಗುಂಡು 158 ಗ್ರೇನ್, ಅಂದರೆ ಸುಮಾರು 10.2 ಗ್ರಾಂ. ಗಾಳಿಗೆ ಎದುರಾಗೋ ವೃತ್ತ ಅಷ್ಟೇ, ಹಿಂದಿರೋ ತೂಕ ಎರಡು ಪಟ್ಟಿಗಿಂತ ಹೆಚ್ಚು. ಅದಕ್ಕೇ ಗುಂಡು ಗುಂಡಗೆ ಉಳಿಯಲಿಲ್ಲ. ಹೆಸರು ಮಾತ್ರ ಹಳೆ ಆಕಾರವನ್ನು ನೆನಪಿಟ್ಟುಕೊಂಡಿತು.

ರಿವಾಲ್ವರ್ ಏನು ಕೇಳ್ತದೆ?

ಆಕಾರ ಆರಿಸೋ ಮೊದಲು ಯಂತ್ರವನ್ನು ನೋಡಬೇಕು. ಪಿಸ್ತೂಲಿನಲ್ಲಿ ತೋಟಾ ಮ್ಯಾಗಜೀನಿನಿಂದ ಮೇಲೆದ್ದು, ಇಳಿಜಾರಿನ ಮೇಲೆ ಜಾರಿ, ಚೇಂಬರಿಗೆ ಹೋಗಬೇಕು. ಮೂತಿ ಮೊಂಡಾಗಿದ್ದರೆ ಸಿಕ್ಕಿಕೊಳ್ಳಬಹುದು. ರಿವಾಲ್ವರಿನಲ್ಲಿ ಈ ಕಷ್ಟ ಇಲ್ಲ. ಸಿಲಿಂಡರಿನ ಒಂದೊಂದು ಕೋಣೆಗೂ ಕೈಯಿಂದಲೇ ತೋಟಾ ಇಡ್ತಾರೆ. ಹಾಗಾಗಿ ಮೂತಿ ಹೇಗಿದ್ದರೂ ಕೆಲಸ ನಡೀತದೆ. ಆರಿಸೋ ಸ್ವಾತಂತ್ರ್ಯ ಸಿಗೋದು ಇಲ್ಲಿಂದ.

ಆದರೆ ರಿವಾಲ್ವರಿಗೆ ಅದರದೇ ಆದ ತಕರಾರುಗಳಿವೆ:

1. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು, ಸುಮಾರು 0.1ರಿಂದ 0.25 ಮಿ.ಮೀ. ಗುಂಡು ಆ ಸಂದು ಹಾರಿ ನಳಿಗೆಗೆ ಸೇರಬೇಕು. ಕೋಣೆಯೂ ನಳಿಗೆಯೂ ಒಂದೇ ಗೆರೆಯಲ್ಲಿ ಪೂರ್ತಿ ಕೂಡದಿದ್ದರೆ ಗುಂಡೇ ಸರಿಹೊಂದಿಕೊಂಡು ಹೋಗಬೇಕು. ಅದಕ್ಕೆ ಬದಿಯ ಹಿಡಿತ ಸಾಕಷ್ಟು ಉದ್ದ ಇರಬೇಕು.

2. ತೋಟಾದ ಒಟ್ಟು ಉದ್ದ ಸಿಲಿಂಡರಿಗಿಂತ ಹೆಚ್ಚಾಗಬಾರದು. ಮೂತಿ ಹೊರಗೆ ಇಣುಕಿದರೆ ಸಿಲಿಂಡರ್ ತಿರುಗೋದೇ ಇಲ್ಲ.

3. ಒಂದು ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಉಳಿದ ಕೋಣೆಗಳ ಗುಂಡುಗಳು ಜಡತ್ವದಿಂದ ತಮ್ಮ ಕವಚ ಬಿಟ್ಟು ಮುಂದಕ್ಕೆ ಸರಿಯಲು ನೋಡ್ತವೆ. ಅದನ್ನು ತಡೆಯಲು ಗುಂಡಿನ ಮೈಗೆ ಒಂದು ಕಚ್ಚು ಇರಬೇಕು; ಕವಚದ ಅಂಚನ್ನು ಅದರೊಳಗೆ ಮಡಚಿ ಕೂರಿಸ್ತಾರೆ.

4. ಎರಕದ ಸೀಸದ ಗುಂಡಿಗೆ ಜಿಡ್ಡು ತುಂಬಲು ಇನ್ನೊಂದು ಕಚ್ಚು.

ಇಷ್ಟು ಬರೆದುಕೊಂಡ ಮೇಲೆ ನಮಗೆ ಒಂದು ವಿಷಯ ಹೊಳೆಯಿತು. ನಾವು ಎಲ್ಲರೂ ಮೂತಿಯನ್ನೇ ನೋಡ್ತಿದ್ದೆವು. ಕೆಲಸದ ಅರ್ಧ ಭಾಗ ಇರೋದು ಮೈಯಲ್ಲಿ.

ಅಚ್ಚು ಏನು ಕೇಳ್ತದೆ?

ಬೆಳಗಾವಿಯಲ್ಲಿ ಇದ್ದುಕೊಂಡು ಎರಕದ ಬಗ್ಗೆ ಪುಸ್ತಕ ಓದಿ ಬರೆದರೆ ನಾಚಿಕೆಗೇಡು. ಖಾನಾಪುರ ರಸ್ತೆಯಲ್ಲಿ ಉದ್ಯಮಬಾಗ ದಾಟದೆ ನಾವು ನಂದಗಡಕ್ಕೆ ಹೋಗೋದೇ ಇಲ್ಲ, ಅಲ್ಲಿ ಫೌಂಡ್ರಿಗಳ ಸಾಲೇ ಇದೆ. ಒಂದು ಮಧ್ಯಾಹ್ನ ಒಂದು ಫೌಂಡ್ರಿಗೆ ಹೋಗಿ, ಪಂಪಿನ ಬಾಡಿ ಎರಕ ಹೊಯ್ಯೋದನ್ನು ನೋಡಿದೆವು. ಅಲ್ಲಿ ಮೂವತ್ತು ವರ್ಷ ಅಚ್ಚು ಕಟ್ಟಿದ ಕಾಕಾ ಒಬ್ಬರಿಗೆ ನಮ್ಮ ಚಿತ್ರ ತೋರಿಸಿ, ಇದು ಬರೇ ಓದಿಗಾಗಿ ಅಂತ ಹೇಳಿ, "ಕಾಕಾ, ಇಂಥ ಆಕಾರ ಎರಕದಾಗ ಬರ್ತೈತೇನ್ರೀ?" ಅಂತ ಕೇಳಿದೆವು.

ಅವರು ಚಿತ್ರವನ್ನು ಉಲ್ಟಾ ಹಿಡಿದು ನೋಡಿದರು. "ಮೊದಲ ಇದು ಅಚ್ಚಿನಿಂದ ಹೊರಗ ಬರ್ತೈತೋ ಇಲ್ಲೋ ನೋಡ್ರಪಾ. ಚೆಂದ ಆಮ್ಯಾಲೆ. ಮೂಲಿ ಚೂಪ ಮಾಡಿದಷ್ಟೂ ಲೋಹ ಅಲ್ಲಿ ತುಂಬೂದಿಲ್ಲ."

ಈ ಎರಡು ಮಾತಿನಲ್ಲಿ ನಮ್ಮ ಒಂದು ಯೂನಿಟ್ಟಿನ ಪಾಠ ಇದೆ. ಗುಂಡಿನ ಅಚ್ಚು ಅಕ್ಷದ ಗುಂಟ ಎರಡು ಹೋಳಾಗಿ ತೆರೀತದೆ. ಹಾಗಾಗಿ ಮೈ ಸುತ್ತ ಉಂಗುರದಂತೆ ಇರೋ ಕಚ್ಚುಗಳು ತೊಂದರೆ ಕೊಡೋದಿಲ್ಲ, ಅಚ್ಚು ತೆರೆದಾಗ ಬಿಡಿಸಿಕೊಳ್ತವೆ. ಆದರೆ ಕಚ್ಚಿನ ಗೋಡೆ ಪೂರ್ತಿ ನೆಟ್ಟಗಿದ್ದರೆ ಗುಂಡು ಅಂಟಿಕೊಳ್ತದೆ. ಸ್ವಲ್ಪ ಇಳಿಜಾರು ಬೇಕು. ಫೌಂಡ್ರಿಯಲ್ಲಿ ಪ್ಯಾಟರ್ನಿಗೆ ಡ್ರಾಫ್ಟ್ ಕೊಡೋದು ಇದಕ್ಕೇ. ಮೂತಿಯಲ್ಲಿ ಕುಳಿ ಬೇಕೆಂದರೆ ಕೋರ್ ಬೇಕು, ಒಂದು ಕೆಲಸ ಜಾಸ್ತಿ.

ಚೂಪು ಮೂಲೆಗಳ ವಿಷಯ: ಕರಗಿದ ಸೀಸಕ್ಕೆ ಮೇಲ್ಮೈ ಒತ್ತಡ ಹೆಚ್ಚು, ಮೂಲೆಗೆ ಹೋಗದೆ ದುಂಡಗೆ ನಿಲ್ಲಲು ನೋಡ್ತದೆ. ಸ್ವಲ್ಪ ತವರ ಬೆರೆಸಿದರೆ ಅಚ್ಚು ಚೆನ್ನಾಗಿ ತುಂಬುತ್ತದೆ. ಆಂಟಿಮನಿ ಬೆರೆಸಿದರೆ ಗಡಸು ಬರ್ತದೆ. ಶುದ್ಧ ಸೀಸದ ಗಡಸುತನ ಬ್ರಿನೆಲ್ ಅಳತೆಯಲ್ಲಿ 5ರ ಆಸುಪಾಸು. 90 ಭಾಗ ಸೀಸ, 5 ತವರ, 5 ಆಂಟಿಮನಿಯ ಮಿಶ್ರಲೋಹ ಸುಮಾರು 15ಕ್ಕೆ ಏರ್ತದೆ.

ಇನ್ನೊಂದು ಸಂಗತಿ ನಮಗೆ ಆಶ್ಚರ್ಯ ತಂದಿತು. ಎರಕದಲ್ಲಿ ಮೂತಿ ಸ್ವಲ್ಪ ಸುಕ್ಕುಗಟ್ಟಿದರೂ ಗುರಿ ಅಷ್ಟೇನೂ ಕೆಡೋದಿಲ್ಲ. ಆದರೆ ಬುಡದ ಅಂಚು ಒಂದು ಕಡೆ ತುಂಬದಿದ್ದರೆ ಕೆಡ್ತದೆ. ಯಾಕಂದರೆ ಗುಂಡು ನಳಿಗೆ ಬಿಡುವಾಗ ಕೊನೆಗೆ ಬಿಡೋದು ಬುಡ. ಅಂಚು ಸಮ ಇಲ್ಲದಿದ್ದರೆ ಹಿಂದಿನ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡ್ತದೆ. ದೋಣಿಗೆ ಚುಕ್ಕಾಣಿ ಹಿಂದೆ ಇರೋ ಹಾಗೆ.

ಮೂರು ಮೂತಿಗಳು

ಈಗ ಸ್ಪರ್ಧೆಯಲ್ಲಿ ಉಳಿದವು ಮೂರು.

ದುಂಡು ಮೂತಿ, ಅಂದರೆ ರೌಂಡ್ ನೋಸ್. ಎಲ್ಲಕ್ಕಿಂತ ಹಳೆಯದು. ಅಚ್ಚು ಸುಲಭವಾಗಿ ತುಂಬುತ್ತದೆ, ಕೋಣೆಗೆ ಬೇಗ ಇಳೀತದೆ, ದೂರಕ್ಕೂ ಸ್ಥಿರ. ಕಾಗದಕ್ಕೆ ಬಡಿದಾಗ ಮಾತ್ರ ಕೊರೆಯೋದಿಲ್ಲ, ತಳ್ಳಿ ಹರೀತದೆ. ತೂತು ಗುಂಡಿಗಿಂತ ಚಿಕ್ಕದಾಗಿ, ಅಂಚು ಹರಕಾಗಿ ಕಾಣ್ತದೆ.

ಚಪ್ಪಟೆ ಮೂತಿ, ಅಂದರೆ ವಾಡ್‌ಕಟರ್. ನೋಡಲು ಸೀಸದ ಒಂದು ತುಂಡು ಸಿಲಿಂಡರ್. ರೂಢಿಯ ತೂಕ 148 ಗ್ರೇನ್, ಸುಮಾರು 9.6 ಗ್ರಾಂ. ಹೆಚ್ಚುಕಡಿಮೆ ಪೂರ್ತಿ ಉದ್ದಕ್ಕೂ ನಳಿಗೆಯ ಹಿಡಿತ ಸಿಗ್ತದೆ. ಕಾಗದದಲ್ಲಿ ಶೀಟ್ ಮೆಟಲ್ ಲ್ಯಾಬಿನ ಪಂಚ್‌ನಂತೆ ನೀಟಾದ ವೃತ್ತ ಕತ್ತರಿಸ್ತದೆ. ಕುಂದುಕೊರತೆ: ಕೋಣೆಗೆ ಹಾಕೋದು ನಿಧಾನ, ಗಾಳಿಯ ಎಳೆತ ಹೆಚ್ಚು, 50 ಮೀಟರ್ ದಾಟಿದ ಮೇಲೆ ನಂಬಿಕೆ ಕಡಿಮೆ.

ನಡುವಿನದು, ಸೆಮಿ ವಾಡ್‌ಕಟರ್. ಮೈಗೆ ಚೂಪು ಭುಜ, ಅದರ ಮುಂದೆ ಮೊಟಕು ಶಂಕು, ತುದಿ ಚಪ್ಪಟೆ. ಇದರ ಹೆಸರುವಾಸಿ ರೂಪವನ್ನು 1920ರ ದಶಕದಲ್ಲಿ ಅಮೆರಿಕದ ಎಲ್ಮರ್ ಕೀತ್ ಬಿಡಿಸಿದ. ಭುಜ ಕಾಗದ ಕತ್ತರಿಸ್ತದೆ, ಉದ್ದ ಮೂತಿಯಿಂದ ದೂರಕ್ಕೂ ಹೋಗ್ತದೆ. ಎರಡು ಕೆಲಸವೂ ಬೇಕಾದವರಿಗೆ ಇದು. ಆದರೆ ಕಾಕಾ ಹೇಳಿದ "ಮೂಲಿ" ಇಲ್ಲೇ ಇದೆ. ಭುಜ ತುಂಬದಿದ್ದರೆ ಈ ಆಕಾರಕ್ಕೆ ಅರ್ಥವೇ ಇಲ್ಲ.

ನಮ್ಮ ಆಯ್ಕೆ

ಕಾಗದದ ಗುರಿಯಲ್ಲಿ ಅಂಕ ಕೊಡೋದು ತೂತಿನ ಅಂಚು ನೋಡಿ. ಹೆಚ್ಚಿನ ಅಂಕದ ಗೆರೆಯನ್ನು ಅಂಚು ಮುಟ್ಟಿದರೆ ಆ ಅಂಕವೇ ನಿಮ್ಮದು. ಹಾಗಿದ್ದಾಗ ಪೂರ್ತಿ 9.1 ಮಿ.ಮೀ. ವೃತ್ತ ಕತ್ತರಿಸೋ ಗುಂಡು ನ್ಯಾಯವಾಗಿಯೇ ಲಾಭ ಕೊಡ್ತದೆ. ತೀರ್ಪುಗಾರರಿಗೂ ವಾದ ಇರೋದಿಲ್ಲ. ದೂರ 25 ಮೀಟರ್ ಮಾತ್ರ, ಎಳೆತದ ಚಿಂತೆ ಇಲ್ಲ. ಹೊಡೆಯೋದು ನಿಧಾನವಾಗಿ, ಬೇಗ ತುಂಬಬೇಕಾದ ಅವಸರ ಇಲ್ಲ. ಆದ್ದರಿಂದ ನಮ್ಮ ಉತ್ತರ: ಚಪ್ಪಟೆ ಮೂತಿ. ಅಂತಾರಾಷ್ಟ್ರೀಯ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯಲ್ಲೂ ಬಹಳ ಜನ .32 ಅಳತೆಯ ಇಂಥದೇ ಗುಂಡು ಬಳಸ್ತಾರೆ ಅಂತ ಆಮೇಲೆ ಓದಿದಾಗ ಸಮಾಧಾನ ಆಯ್ತು.

ಚೂಪು ಮೂತಿ ಬರೆದು ಶುರು ಮಾಡಿದವರು ಕೊನೆಗೆ ಮೂತಿಯೇ ಇಲ್ಲದ ಗುಂಡಿಗೆ ಬಂದು ನಿಂತೆವು. ಸರ್ ನಕ್ಕು ಇನ್ನೊಂದೇ ಪ್ರಶ್ನೆ ಕೇಳಿದರು: "ಗುರಿ ಕಾಗದ ಅಲ್ಲದಿದ್ದರ?"

ಆಕಾರಕ್ಕೂ ಕಾನೂನು ಇದೆ

ಈ ಪ್ರಶ್ನೆ ನಾವು ಹಾರಿಸಿ ಬಿಟ್ಟಿದ್ದೆವು. 1890ರ ದಶಕದಲ್ಲಿ ಕಲ್ಕತ್ತದ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ, ಬಡಿದ ಕೂಡಲೇ ಅರಳುವ ಮೂತಿಯ ರೈಫಲ್ ಗುಂಡು ಮಾಡಿದರು. ಆ ಊರಿನ ಹೆಸರೇ ಅಂಥ ಗುಂಡಿಗೆ ಜಗತ್ತಿನಾದ್ಯಂತ ಹೆಸರಾಯಿತು. 1898ರಲ್ಲಿ ಬ್ರಿಟಿಷರ ವೆಬ್ಲಿ ರಿವಾಲ್ವರಿಗೂ ಮೂತಿಯಲ್ಲಿ ಕುಳಿ ಇರೋ ಚಪ್ಪಟೆ ಸೀಸದ ಗುಂಡು ಬಂತು. ನಮ್ಮ ವಾಡ್‌ಕಟರಿನ ಅಣ್ಣತಮ್ಮನೇ ಅದು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಮನುಷ್ಯನ ಮೈಯೊಳಗೆ ಸುಲಭವಾಗಿ ಅರಳುವ, ಚಪ್ಪಟೆಯಾಗುವ ಗುಂಡುಗಳನ್ನು ನಿಷೇಧಿಸಿತು. ವೆಬ್ಲಿಯ ಆ ಗುಂಡು ಸೈನ್ಯದ ಬಳಕೆಯಿಂದ ಹಿಂದೆ ಸರಿಯಿತು. ಮುಂದೆ 1930ರ ದಶಕದಲ್ಲಿ .38 ರಿವಾಲ್ವರಿನ 200 ಗ್ರೇನಿನ ಬರೀ ಸೀಸದ ಗುಂಡಿನ ಮೇಲೂ ಇದೇ ಅನುಮಾನ ಬಂದು, ಲೋಹದ ಹೊದಿಕೆ ಇರೋ 178 ಗ್ರೇನಿನ ಗುಂಡು ತಂದರು.

ಒಂದೇ ಚಪ್ಪಟೆ ಮೂತಿ. ಕಾಗದದ ಮುಂದೆ ಅದು ನ್ಯಾಯದ ಅಳತೆಗೋಲು, ಮನುಷ್ಯನ ಮುಂದೆ ಗಾಯ ದೊಡ್ಡದು ಮಾಡೋ ಉಪಾಯ. ಸೂತ್ರದಲ್ಲಿ ಈ ವ್ಯತ್ಯಾಸ ಕಾಣೋದಿಲ್ಲ. ಅದಕ್ಕೇ ನಮ್ಮ ವರದಿಯ ಮೊದಲ ಸಾಲನ್ನು ಬದಲಾಯಿಸಿದೆವು. ಮೊದಲು "ರಿವಾಲ್ವರಿಗೆ ಉತ್ತಮ ಗುಂಡಿನ ಆಕಾರ" ಅಂತಿತ್ತು. ಈಗ "25 ಮೀಟರ್ ಕಾಗದದ ಗುರಿಗೆ ಸರಿಹೊಂದುವ ಗುಂಡಿನ ಆಕಾರ" ಅಂತ ಇದೆ. ಯಾವ ಕೆಲಸಕ್ಕೆ ಅಂತ ಹೇಳದೆ "ಉತ್ತಮ ಆಕಾರ" ಅನ್ನೋ ಮಾತೇ ಇಲ್ಲ. ಗುಂಡಿಗಷ್ಟೇ ಅಲ್ಲ, ನಾವು ಮುಂದೆ ಬಿಡಿಸೋ ಗೇರು, ಪಂಪು, ಸೇತುವೆ ಎಲ್ಲಕ್ಕೂ.

ನೀವೂ ಮಾಡಿ ನೋಡಿ

1. 17.5 ಮಿ.ಮೀ. ವ್ಯಾಸದ ಸೀಸದ ಗೋಲಿಯ ತೂಕ ಎಷ್ಟು? (ನಮಗೆ ಬಂದದ್ದು ಸುಮಾರು 32 ಗ್ರಾಂ. ಕಿತ್ತೂರಿನ ಕಾಲದ ಸಿಪಾಯಿ ಒಂದು ನೂರು ಗೋಲಿ ಹೊತ್ತರೆ ಎಷ್ಟಾಯ್ತು?)

2. ಗ್ರೀನ್‌ಹಿಲ್ ಸೂತ್ರದ ಪ್ರಕಾರ ಸುರುಳಿ ಗೆರೆ ಒಂದು ಪೂರ್ತಿ ಸುತ್ತು ಬರಲು ಬೇಕಾದ ಉದ್ದ = 150 × ವ್ಯಾಸದ ವರ್ಗ ÷ ಗುಂಡಿನ ಉದ್ದ. ವ್ಯಾಸ 9.1, ಉದ್ದ 18 ಮಿ.ಮೀ. ಇಟ್ಟರೆ ಸುಮಾರು 690 ಮಿ.ಮೀ. ಬರ್ತದೆ. ಸ್ಮಿತ್ ಅಂಡ್ ವೆಸನ್ನಿನ .38 ನಳಿಗೆಯಲ್ಲಿ ಅದು 18.75 ಇಂಚು. ಸುತ್ತು ಸಾಕೋ, ಸಾಲದೋ?

3. ಅದೇ ನಳಿಗೆಯಿಂದ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ? ಉತ್ತರ 500ರ ಹತ್ತಿರ ಬರಬೇಕು. ನಿಮ್ಮ ಬೈಕಿನ ಎಂಜಿನ್ ಜೊತೆ ಹೋಲಿಸಿ ನೋಡಿ.

ಲೆಕ್ಕ ತಪ್ಪಿದ್ದರೆ ಬಳಗದ ಕೋಣೆಗೆ ಬನ್ನಿ, ಕೂತು ನೋಡೋಣ. ಮುಂದಿನ ಸಲ ನಂದಗಡಕ್ಕೆ ಹೋಗುವಾಗ ಬಸ್ಸಿನಲ್ಲಿ ಒಂದು ಸೀಟು ನಿಮಗೂ ಇಟ್ಟಿರ್ತೇವೆ.